ಎರಡು ರೂಪಾಯಿಗಳ ಗಡಿಯಿಂದ ಒಂದೇ ನಾಣ್ಯದ ಒಕ್ಕೂಟದವರೆಗೆ

ಅಕ್ಕಲಕೋಟೆಯಿಂದ ಆಳಂದಕ್ಕೋ ಗಾಣಗಾಪುರಕ್ಕೋ ಹೋಗುವವರು ಇಂದು ರಾಜ್ಯದ ಗಡಿಯನ್ನು ದಾಟುತ್ತಾರೆ. ಆದರೆ ಕಿಸೆಯಲ್ಲಿನ ನೋಟನ್ನು ಬದಲಿಸುವ ಪ್ರಸಂಗ ಯಾರಿಗೂ ಬರುವುದಿಲ್ಲ. ಸೊಲ್ಲಾಪುರದಲ್ಲಿ ನಡೆಯುವ ರೂಪಾಯಿಯೇ ಕಲಬುರಗಿಯಲ್ಲಿಯೂ ನಡೆಯುತ್ತದೆ. ಇದು ಎಷ್ಟು ಸಹಜವೆಂದರೆ ಇದರ ಹಿಂದೆ ಒಂದು ಇತಿಹಾಸವಿದೆ ಎಂಬುದೇ ನಮಗೆ ಹೊಳೆಯುವುದಿಲ್ಲ. ಆದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಇದೇ ದಾರಿಯಲ್ಲಿ ಎರಡು ಬೇರೆ ಬೇರೆ ರೂಪಾಯಿಗಳಿದ್ದವು. ಪಠ್ಯಪುಸ್ತಕದಲ್ಲಿ ಯುರೋಪಿನ ‘ಯುರೋ’ ನಾಣ್ಯದ ವಿಷಯ ಬಂದಾಗ, ಅದು ದೂರದ ದೇಶಗಳ ಸಂಗತಿ ಎಂದು ಮಕ್ಕಳು ಭಾವಿಸುತ್ತಾರೆ. ವಾಸ್ತವವಾಗಿ ಸಮಾನ ನಾಣ್ಯ, ವಿನಿಮಯ ದರ, ಹಣಕಾಸು ಒಕ್ಕೂಟ ಎಂಬ ಪದಗಳ ಅರ್ಥವನ್ನು ನಮ್ಮ ಗಡಿಯ ಇತಿಹಾಸದಿಂದಲೇ ತಿಳಿಯಬಹುದು.

ನಮ್ಮ ಗಡಿಯ ಎರಡು ರೂಪಾಯಿಗಳು

1948ಕ್ಕೆ ಮೊದಲು ಸೊಲ್ಲಾಪುರ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಕ್ಕಲಕೋಟೆ ಭೋಸಲೆ ಮನೆತನದ ಒಂದು ಚಿಕ್ಕ ಸಂಸ್ಥಾನವಾಗಿತ್ತು. ಇವೆರಡರಲ್ಲಿಯೂ ಬ್ರಿಟಿಷ್ ಇಂಡಿಯಾದ ರೂಪಾಯಿ ಚಲಾವಣೆಯಲ್ಲಿತ್ತು. ಜನ ಅದನ್ನು ‘ಕಲದಾರ’ ಎನ್ನುತ್ತಿದ್ದರು. ಯಂತ್ರದಲ್ಲಿ ಅಚ್ಚಾದ ನಾಣ್ಯ ಎಂದು ಅದರ ಅರ್ಥ. ಅಕ್ಕಲಕೋಟೆಯ ಪೂರ್ವಕ್ಕೆ ಆಳಂದ, ಆಗ್ನೇಯಕ್ಕೆ ಅಫಜಲಪುರ, ಉತ್ತರಕ್ಕೆ ನಳದುರ್ಗ ಮತ್ತು ತುಳಜಾಪುರ. ಇವೆಲ್ಲ ಹೈದರಾಬಾದ್ ನಿಜಾಮನ ಸೀಮೆ. ಅಲ್ಲಿ ನಡೆಯುತ್ತಿದ್ದುದು ‘ಹಾಲಿ ಸಿಕ್ಕಾ’. ಹಾಲಿ ಎಂದರೆ ಚಾಲ್ತಿಯಲ್ಲಿರುವುದು, ಸಿಕ್ಕಾ ಎಂದರೆ ನಾಣ್ಯ. ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನರ ಹೆಸರಿನಿಂದ ಇದನ್ನು ‘ಉಸ್ಮಾನಿಯಾ ಸಿಕ್ಕಾ’ ಎಂದೂ ಕರೆಯಲಾಗುತ್ತಿತ್ತು.

ಇಪ್ಪತ್ತನೆಯ ಶತಮಾನದ ಹಾಲಿ ನಾಣ್ಯಗಳ ಮೇಲೆ ಚಾರಮಿನಾರದ ಚಿತ್ರವಿರುತ್ತಿತ್ತು. 1918ರಿಂದ ಹೈದರಾಬಾದ್ ಸರಕಾರ ತನ್ನದೇ ಕಾಗದದ ನೋಟುಗಳನ್ನೂ ಹೊರಡಿಸಿತು. ಆ ನೋಟಿನ ಮುಖ್ಯ ಭಾಷೆ ಉರ್ದು. ಆದರೆ ಅದರ ಮೌಲ್ಯವನ್ನು ಕನ್ನಡ, ಮರಾಠಿ, ತೆಲುಗುಗಳಲ್ಲಿಯೂ ಮುದ್ರಿಸಲಾಗುತ್ತಿತ್ತು. ರಾಜ್ಯದ ಪ್ರಜೆಗಳು ಆಡುವ ಭಾಷೆಗಳಿಗೆ ನೋಟಿನ ಮೇಲೆ ಸ್ಥಾನವಿರಬೇಕು ಎಂಬುದು ಹೊಸ ವಿಚಾರವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. 1941ರ ಕಾಯಿದೆಯಂತೆ ಸ್ಥಾಪನೆಯಾದ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಈ ನಾಣ್ಯವ್ಯವಸ್ಥೆಯನ್ನು ನೋಡಿಕೊಳ್ಳುತ್ತಿತ್ತು. ಮುಂದೆ ‘ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್’ ಎಂದು ನಮ್ಮ ಭಾಗದಲ್ಲಿ ಪರಿಚಿತವಾದ ಬ್ಯಾಂಕ್ ಇದೇ. 2017ರ ಏಪ್ರಿಲ್ 1ರಂದು ಅದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು.

ಏಳಕ್ಕೆ ಆರು

ಎರಡು ನಾಣ್ಯಗಳು ಅಕ್ಕಪಕ್ಕದಲ್ಲಿ ನಡೆಯುವಾಗ ಮೊದಲು ಏಳುವ ಪ್ರಶ್ನೆ: ಇದಕ್ಕೆ ಅದು ಎಷ್ಟು? ಇದಕ್ಕೆ ಉತ್ತರವೇ ವಿನಿಮಯ ದರ. ಏಳು ಹಾಲಿ ರೂಪಾಯಿಗೆ ಆರು ಕಲದಾರ ರೂಪಾಯಿ ಎಂಬುದು ಪ್ರಚಲಿತವಾಗಿದ್ದ ದರ. ಇದಕ್ಕೆ ಕಾರಣ ಬೆಳ್ಳಿಯ ಪ್ರಮಾಣದಲ್ಲಿಯೇ ಕಾಣುತ್ತದೆ. 1940ಕ್ಕೆ ಮೊದಲಿನ ಕಲದಾರ ರೂಪಾಯಿಯಲ್ಲಿ ಶುದ್ಧ ಬೆಳ್ಳಿ ಸುಮಾರು 10.7 ಗ್ರಾಂ ಇದ್ದರೆ ಹಾಲಿ ರೂಪಾಯಿಯಲ್ಲಿ ಸುಮಾರು 9.1 ಗ್ರಾಂ ಇತ್ತು. ಮಕ್ಕಳು ಭಾಗಾಕಾರ ಮಾಡಿ ನೋಡಿದರೆ ಈ ಎರಡರ ಅನುಪಾತ ಏಳಕ್ಕೆ ಆರಕ್ಕೆ ಬಹಳ ಸಮೀಪದಲ್ಲಿರುವುದು ತಿಳಿಯುತ್ತದೆ.

ಒಂದು ಲೆಕ್ಕವನ್ನು ಉದಾಹರಣೆಯಾಗಿ ನೋಡೋಣ. ಆಳಂದ ಸೀಮೆಯ ರೈತನೊಬ್ಬ ಸೊಲ್ಲಾಪುರದ ಪೇಟೆಯಲ್ಲಿ ಜೋಳ ಮಾರಿ 60 ಕಲದಾರ ಪಡೆದನು ಎಂದುಕೊಳ್ಳೋಣ. ಲೆಕ್ಕದ ಪ್ರಕಾರ ಅದು 70 ಹಾಲಿ ರೂಪಾಯಿ. ಊರಿನಲ್ಲಿ ಕಂದಾಯ ಕಟ್ಟಲು ಅವನಿಗೆ ಹಾಲಿ ನಾಣ್ಯವೇ ಬೇಕು. ಸರಾಫನು ವಟ್ಟ ಹಿಡಿದು 68 ಕೊಟ್ಟನು. ಕೆಲ ದಿನಗಳ ನಂತರ ಅದೇ ರೈತ ಸೊಲ್ಲಾಪುರದಲ್ಲಿ 30 ಕಲದಾರದ ಬಟ್ಟೆ ಕೊಳ್ಳಬೇಕಾಯಿತು. ಲೆಕ್ಕದಂತೆ 35 ಹಾಲಿ ಸಾಕು; ಸರಾಫನು 36 ಕೇಳಿದನು. ಎರಡು ಸಲ ನಾಣ್ಯ ಬದಲಿಸಿದ್ದಕ್ಕೆ ಮೂರು ಹಾಲಿ ರೂಪಾಯಿ ಹೋಯಿತು. ರೈತನಿಗೆ ಒಂದು ಸೇರು ಕಾಳಾಗಲಿ ಒಂದು ಗೇಣು ಬಟ್ಟೆಯಾಗಲಿ ಹೆಚ್ಚಿಗೆ ಬರಲಿಲ್ಲ. ಅರ್ಥಶಾಸ್ತ್ರದಲ್ಲಿ ಇದಕ್ಕೆ ವಿನಿಮಯ ವೆಚ್ಚ ಎನ್ನುತ್ತಾರೆ.

ಇದು ವ್ಯಾಪಾರಿಗಳ ತೊಂದರೆ ಮಾತ್ರವಾಗಿರಲಿಲ್ಲ. ಗಡಿಯ ಎರಡೂ ಕಡೆ ಇದ್ದುದು ಒಂದೇ ಜನ. ಈ ಕಡೆಯವರಿಗೆ ತುಳಜಾಪುರದ ಭವಾನಿ, ಗಾಣಗಾಪುರದ ದತ್ತ, ಕಲಬುರಗಿಯ ಶರಣಬಸವೇಶ್ವರರ ಜಾತ್ರೆ. ಆ ಕಡೆಯವರಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರರ ಜಾತ್ರೆ, ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನ. ಹೆಣ್ಣು ಕೊಟ್ಟು ತರುವ ಸಂಬಂಧಗಳು ಎರಡೂ ಕಡೆ ಹಬ್ಬಿದ್ದವು. ಸೊಲ್ಲಾಪುರದಿಂದ ಅಕ್ಕಲಕೋಟ ರೋಡ್, ದುಧನಿ, ಕಲಬುರಗಿ ಮಾರ್ಗವಾಗಿ ರಾಯಚೂರಿಗೆ ಹೋಗುವ ರೈಲು ಮಾರ್ಗ 1871ರಷ್ಟು ಹಿಂದೆಯೇ ಪೂರ್ಣಗೊಂಡು ಈ ಸೀಮೆಯನ್ನು ಒಂದೇ ಪೇಟೆಯನ್ನಾಗಿ ಮಾಡಿತ್ತು. ಭಾಷೆ ಒಂದು, ಪೇಟೆ ಒಂದು, ರೈಲು ಒಂದು. ನಾಣ್ಯ ಮಾತ್ರ ಎರಡು. ಇದರ ಜೊತೆಗೆ ನಿಜಾಮ ಸರಕಾರದ ‘ಕರೋಡಗಿರಿ’, ಅಂದರೆ ಗಡಿಯ ಸುಂಕವೂ ಇತ್ತು.

ನಾಣ್ಯವೇ ವಿವಾದವಾದಾಗ

1947ರ ನವೆಂಬರ್ 29ರಂದು ಭಾರತ ಸರಕಾರಕ್ಕೂ ಹೈದರಾಬಾದಿಗೂ ಯಥಾಸ್ಥಿತಿ ಒಪ್ಪಂದವಾಯಿತು. ಕೆಲವೇ ವಾರಗಳಲ್ಲಿ ಹೈದರಾಬಾದ್ ಸರಕಾರ ಎರಡು ಸುಗ್ರೀವಾಜ್ಞೆಗಳನ್ನು ಹೊರಡಿಸಿತು. ಒಂದು, ಬೆಳ್ಳಿ ಬಂಗಾರಗಳನ್ನು ಭಾರತಕ್ಕೆ ಸಾಗಿಸುವುದರ ಮೇಲೆ ನಿರ್ಬಂಧ. ಇನ್ನೊಂದು, ಭಾರತದ ರೂಪಾಯಿ ತನ್ನ ರಾಜ್ಯದಲ್ಲಿ ಕಾನೂನುಬದ್ಧ ನಾಣ್ಯವಲ್ಲ ಎಂಬ ಘೋಷಣೆ. ಅದೇ ಕಾಲದಲ್ಲಿ ತನ್ನಲ್ಲಿದ್ದ ಭಾರತ ಸರಕಾರದ ಸಾಲಪತ್ರಗಳ ರೂಪದಲ್ಲಿ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಡಲು ಮುಂದಾದ ಸಂಗತಿಯೂ ಬಹಿರಂಗವಾಯಿತು. ಇವು ಒಪ್ಪಂದದ ಉಲ್ಲಂಘನೆ ಎಂದು ಭಾರತ ಆಕ್ಷೇಪಿಸಿತು. ನಾಣ್ಯ ಎಂಬುದು ವ್ಯವಹಾರದ ಸಾಧನ ಮಾತ್ರವಲ್ಲ, ಸಾರ್ವಭೌಮತ್ವದ ಗುರುತೂ ಹೌದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮುಂದಿನದು ನಮ್ಮ ಜಿಲ್ಲೆಯ ಹಿರಿಯರಿಗೆ ಗೊತ್ತಿರುವ ಇತಿಹಾಸ. 1948ರ ಮಾರ್ಚ್ ತಿಂಗಳಲ್ಲಿ ಅಕ್ಕಲಕೋಟೆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ. ಎನ್. ಚೌಧರಿಯವರ ನೇತೃತ್ವದ ಸೇನೆ ಸೊಲ್ಲಾಪುರದ ಕಡೆಯಿಂದ ಹೊರಟು ನಳದುರ್ಗದ ಮಾರ್ಗವಾಗಿ ಹೈದರಾಬಾದ್ ರಾಜ್ಯವನ್ನು ಪ್ರವೇಶಿಸಿತು. 17ರಂದು ನಿಜಾಮ ಸರಕಾರ ಶರಣಾಯಿತು.

ಆದರೆ ಸೇನೆ ಐದು ದಿನಗಳಲ್ಲಿ ಮುಗಿಸಿದ ಕೆಲಸವನ್ನು ನಾಣ್ಯ ಅಷ್ಟು ಬೇಗ ಮುಗಿಸಲಿಲ್ಲ. ರಾಜಕೀಯ ವಿಲೀನದ ಬಳಿಕವೂ ಹಾಲಿ ಸಿಕ್ಕಾ ಭಾರತದ ರೂಪಾಯಿಯ ಜೊತೆಯಲ್ಲಿ, ಏಳಕ್ಕೆ ಆರರ ದರದಲ್ಲಿ ಕೆಲವು ವರ್ಷ ನಡೆಯಿತು. ನೌಕರರ ಸಂಬಳ, ಪಿಂಚಣಿ, ಸಾಲಪತ್ರ, ಕಂದಾಯ, ಬ್ಯಾಂಕಿನ ಠೇವಣಿ ಎಲ್ಲವನ್ನೂ ಹೊಸ ಲೆಕ್ಕಕ್ಕೆ ತರಬೇಕಾಗಿತ್ತು. ಸಂಸ್ಥಾನಗಳ ಹಣಕಾಸನ್ನು ಕೇಂದ್ರದೊಂದಿಗೆ ಜೋಡಿಸುವ ವ್ಯವಸ್ಥೆಯನ್ನು ವಿ. ಟಿ. ಕೃಷ್ಣಮಾಚಾರಿಯವರ ಸಮಿತಿ ಸೂಚಿಸಿತು. ಅದು 1950ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆ ದಶಕ ಮುಗಿಯುವಷ್ಟರಲ್ಲಿ ಹಾಲಿ ಸಿಕ್ಕಾ ಹಳೆಯ ಪೆಟ್ಟಿಗೆಗಳಿಗೂ ಸಂಗ್ರಹಕಾರರಿಗೂ ಸೇರಿತು. 1957ರ ಏಪ್ರಿಲ್ 1ರಂದು ಹದಿನಾರು ಆಣೆಯ ಲೆಕ್ಕ ಹೋಗಿ ನೂರು ನಯೇ ಪೈಸೆಯ ದಶಮಾಂಶ ಪದ್ಧತಿ ಬಂದಾಗ, ಕಲಬುರಗಿಯವರೂ ಸೊಲ್ಲಾಪುರದವರೂ ಒಂದೇ ಪಾಠವನ್ನು ಕಲಿಯಬೇಕಾಯಿತು.

ಹಣಕಾಸು ಒಕ್ಕೂಟ ಎಂದರೇನು?

ಎರಡು ಅಥವಾ ಹೆಚ್ಚು ಪ್ರದೇಶಗಳು ಒಂದೇ ನಾಣ್ಯವನ್ನು, ಒಂದೇ ಕೇಂದ್ರ ಬ್ಯಾಂಕಿನ ಅಧೀನದಲ್ಲಿ ಬಳಸುವ ಏರ್ಪಾಡಿಗೆ ಹಣಕಾಸು ಒಕ್ಕೂಟ ಎನ್ನುತ್ತಾರೆ. ಜಗತ್ತಿನಲ್ಲಿ ಇದಕ್ಕೆ ಹಲವು ರೂಪಗಳಿವೆ.

ಮೊದಲನೆಯದು, ಬೇರೆ ಬೇರೆ ನಾಣ್ಯಗಳನ್ನು ಉಳಿಸಿಕೊಂಡು ದರವನ್ನು ಸ್ಥಿರಗೊಳಿಸುವುದು. ಹಾಲಿ ಮತ್ತು ಕಲದಾರಗಳ ನಡುವೆ ಇದ್ದುದು ಹೆಚ್ಚುಕಡಿಮೆ ಇಂಥ ಸಂಬಂಧ. ಇಂದಿಗೂ ನೇಪಾಳದ 160 ರೂಪಾಯಿಗೆ ಭಾರತದ 100 ರೂಪಾಯಿ ಎಂಬ ದರ 1993ರಿಂದ ಬದಲಾಗಿಲ್ಲ. ಭೂತಾನಿನ ಂಗುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ. ಅಲ್ಲಿ ನಮ್ಮ ರೂಪಾಯಿಯೂ ನಡೆಯುತ್ತದೆ.

ಎರಡನೆಯದು, ಇನ್ನೊಂದು ದೇಶದ ನಾಣ್ಯವನ್ನೇ ತನ್ನದಾಗಿ ಮಾಡಿಕೊಳ್ಳುವುದು. ದಕ್ಷಿಣ ಅಮೆರಿಕೆಯ ಈಕ್ವೆಡಾರ್ 2000ರಲ್ಲಿ ತನ್ನ ನಾಣ್ಯವನ್ನು ಕೈಬಿಟ್ಟು ಅಮೆರಿಕದ ಡಾಲರನ್ನು ಸ್ವೀಕರಿಸಿತು. ಆದರೆ ಡಾಲರಿನ ಬಗೆಗಿನ ಯಾವ ನಿರ್ಧಾರದಲ್ಲಿಯೂ ಅದಕ್ಕೆ ಮತವಿಲ್ಲ.

ಮೂರನೆಯದು, ಪೂರ್ಣ ಒಕ್ಕೂಟ. ಸದಸ್ಯ ದೇಶಗಳೆಲ್ಲ ಸೇರಿ ಒಂದು ಕೇಂದ್ರ ಬ್ಯಾಂಕನ್ನು ನಡೆಸುತ್ತವೆ. ಯುರೋ ಇದರ ದೊಡ್ಡ ಉದಾಹರಣೆ. ಪಶ್ಚಿಮ ಆಫ್ರಿಕದ ಎಂಟು ದೇಶಗಳು ಮತ್ತು ಮಧ್ಯ ಆಫ್ರಿಕದ ಆರು ದೇಶಗಳು ಎರಡು ಪ್ರತ್ಯೇಕ ಒಕ್ಕೂಟಗಳಾಗಿ ಸಿ.ಎಫ್.ಎ. ಫ್ರಾಂಕ್ ಬಳಸುತ್ತವೆ; ಪೂರ್ವ ಕೆರಿಬಿಯನ್ ದ್ವೀಪಗಳಿಗೂ ಸಮಾನವಾದ ಒಂದು ಡಾಲರ್ ಇದೆ.

ಭಾರತ ಒಂದೇ ದೇಶವಾದ್ದರಿಂದ ಅದನ್ನು ಈ ಪಟ್ಟಿಯಲ್ಲಿ ಸೇರಿಸುವುದು ರೂಢಿಯಲ್ಲ. ಆದರೂ ವಿಸ್ತಾರ, ಜನಸಂಖ್ಯೆ ಮತ್ತು ಭಾಷೆಗಳ ದೃಷ್ಟಿಯಿಂದ ನೋಡಿದರೆ, 1935ರ ಏಪ್ರಿಲ್ 1ರಂದು ಆರಂಭವಾದ ರಿಸರ್ವ್ ಬ್ಯಾಂಕ್ ಇಂದು ನಿರ್ವಹಿಸುತ್ತಿರುವುದು ಒಂದು ಖಂಡದಷ್ಟು ದೊಡ್ಡ ಹಣಕಾಸು ವ್ಯವಸ್ಥೆಯನ್ನೇ.

ಯುರೋ ಬಂದ ಬಗೆ

ಯುರೋಪಿನ ದೇಶಗಳು 1992ರಲ್ಲಿ ಮಾಸ್ಟ್ರಿಕ್ಟ್ ಎಂಬ ಊರಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಸೇರಬಯಸುವ ದೇಶದ ವಾರ್ಷಿಕ ಸರಕಾರಿ ಕೊರತೆ ರಾಷ್ಟ್ರೀಯ ಉತ್ಪನ್ನದ ಶೇ. 3ನ್ನು, ಒಟ್ಟು ಸರಕಾರಿ ಸಾಲ ಶೇ. 60ನ್ನು ಮೀರಬಾರದು ಎಂಬುದು ಮುಖ್ಯ ನಿಯಮಗಳಲ್ಲಿ ಸೇರಿತ್ತು. 1998ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಯುರೋಪಿನ ಕೇಂದ್ರ ಬ್ಯಾಂಕ್ ಸ್ಥಾಪನೆಯಾಯಿತು. 1999ರ ಜನವರಿ 1ರಂದು 11 ದೇಶಗಳಲ್ಲಿ ಯುರೋ ಲೆಕ್ಕಪತ್ರದ ನಾಣ್ಯವಾಗಿ ಬಂತು. 2001ರಲ್ಲಿ ಗ್ರೀಸ್ ಸೇರಿತು. ನೋಟು ಮತ್ತು ನಾಣ್ಯಗಳು ಜನರ ಕೈಗೆ ಬಂದದ್ದು 2002ರ ಜನವರಿ 1ರಂದು. 2023ರಲ್ಲಿ ಕ್ರೊಯೇಷಿಯಾ, 2026ರ ಆರಂಭದಲ್ಲಿ ಬಲ್ಗೇರಿಯಾ ಸೇರಿ ಸದಸ್ಯರ ಸಂಖ್ಯೆ 21 ಆಗಿದೆ.

ಇಲ್ಲಿ ನಮ್ಮ ಅನುಭವಕ್ಕೂ ಯುರೋಪಿನ ಅನುಭವಕ್ಕೂ ಇರುವ ವ್ಯತ್ಯಾಸ ಗಮನಾರ್ಹ. ಹೈದರಾಬಾದಿನಲ್ಲಿ ಮೊದಲು ರಾಜಕೀಯ ಏಕತೆ ಬಂತು, ನಾಣ್ಯದ ಏಕತೆ ಅದನ್ನು ಹಿಂಬಾಲಿಸಿತು. ಯುರೋಪಿನಲ್ಲಿ ನಾಣ್ಯ ಒಂದಾಯಿತು. ಆದರೆ ಸರಕಾರಗಳು, ತೆರಿಗೆಗಳು, ಖಜಾನೆಗಳು ಬೇರೆಯಾಗಿಯೇ ಉಳಿದವು.

ಒಕ್ಕೂಟ ಒಡೆದಾಗ

ಸೇರಿದ್ದು ಬೇರ್ಪಡುವುದೂ ಉಂಟು. ದೇಶ ವಿಭಜನೆಯಾದ ಮೇಲೆಯೂ 1948ರ ಜೂನ್ 30ರವರೆಗೆ ನಮ್ಮ ರಿಸರ್ವ್ ಬ್ಯಾಂಕೇ ಪಾಕಿಸ್ತಾನದ ಕೇಂದ್ರ ಬ್ಯಾಂಕಾಗಿತ್ತು. ಭಾರತದ ನೋಟುಗಳ ಮೇಲೆ ‘ಪಾಕಿಸ್ತಾನ ಸರಕಾರ’ ಎಂದು ಮುದ್ರಿಸಿ ಅಲ್ಲಿ ಚಲಾವಣೆಗೆ ಬಿಡಲಾಗಿತ್ತು. ಖಜಾನೆಯ ಹಣ ಹಂಚಿಕೊಳ್ಳುವಲ್ಲಿ ಪಾಕಿಸ್ತಾನಕ್ಕೆ ಸಲ್ಲಬೇಕಾಗಿದ್ದ 55 ಕೋಟಿ ರೂಪಾಯಿಯ ವಿವಾದ 1948ರ ಜನವರಿಯಲ್ಲಿ ದೇಶವನ್ನೇ ಕಲಕಿತು. 1949ರ ಸೆಪ್ಟೆಂಬರಿನಲ್ಲಿ ಭಾರತ ತನ್ನ ರೂಪಾಯಿಯನ್ನು ಅಪಮೌಲ್ಯಗೊಳಿಸಿದಾಗ ಪಾಕಿಸ್ತಾನ ಹಾಗೆ ಮಾಡಲಿಲ್ಲ. ನಿನ್ನೆಯವರೆಗೆ ಸರಿಸಮವಾಗಿದ್ದ ರೂಪಾಯಿಗಳಲ್ಲಿ ಪಾಕಿಸ್ತಾನದ 100ಕ್ಕೆ ಭಾರತದ 144 ಎಂದಾಯಿತು. ಈ ದರವನ್ನು ಭಾರತ ಒಪ್ಪದೆ ಎರಡು ದೇಶಗಳ ವ್ಯಾಪಾರವೇ ಬಹುಪಾಲು ನಿಂತುಹೋಯಿತು.

ಇಂದು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವ ಕುಟುಂಬಗಳಿಗೆ ಇನ್ನೊಂದು ಸಂಗತಿ ಆಶ್ಚರ್ಯವೆನಿಸಬಹುದು. ಒಂದು ಕಾಲದಲ್ಲಿ ಕುವೈತ್, ಬಹರೈನ್, ಕತಾರ್, ದುಬೈಗಳಲ್ಲಿ ನಡೆಯುತ್ತಿದ್ದುದು ಭಾರತದ ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರದೇಶಕ್ಕಾಗಿಯೇ ಪ್ರತ್ಯೇಕ ಬಣ್ಣದ ನೋಟುಗಳನ್ನು ಹೊರಡಿಸಿತು. ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ಸ್ವಂತ ನಾಣ್ಯ ಮಾಡಿಕೊಂಡವು. 1966ರ ಜೂನ್ 6ರಂದು ಡಾಲರಿಗೆ 4.76 ಇದ್ದ ರೂಪಾಯಿಯನ್ನು ಭಾರತ 7.50ಕ್ಕೆ ಇಳಿಸಿದಾಗ ಉಳಿದವುಗಳಲ್ಲಿ ಹೆಚ್ಚಿನವು ರೂಪಾಯಿಯನ್ನು ಕೈಬಿಟ್ಟವು. ದಿಲ್ಲಿಯ ನಿರ್ಧಾರದಿಂದ ತಮ್ಮ ಉಳಿತಾಯ ಕರಗುವುದನ್ನು ಯಾರು ತಾನೇ ಸಹಿಸಿಯಾರು?

ಭಾರ ಯಾರ ಮೇಲೆ?

ಒಂದೇ ನಾಣ್ಯದ ಲಾಭಗಳು ಸ್ಪಷ್ಟ: ವಟ್ಟ ಉಳಿಯುತ್ತದೆ, ಬೆಲೆಗಳನ್ನು ಹೋಲಿಸುವುದು ಸುಲಭವಾಗುತ್ತದೆ, ವ್ಯಾಪಾರಿಗೆ ದರ ಬದಲಾಗುವ ಅಂಜಿಕೆ ಇರುವುದಿಲ್ಲ. ಆದರೆ ಒಂದು ನಷ್ಟವೂ ಇದೆ. ಸ್ವಂತ ನಾಣ್ಯವಿರುವ ದೇಶ ಕಷ್ಟಕಾಲದಲ್ಲಿ ಅದನ್ನು ಅಪಮೌಲ್ಯಗೊಳಿಸಿ ತನ್ನ ಸರಕನ್ನು ಹೊರಗಿನವರಿಗೆ ಅಗ್ಗವಾಗಿಸಬಹುದು, ಬಡ್ಡಿದರವನ್ನು ತನ್ನ ಅಗತ್ಯಕ್ಕೆ ತಕ್ಕಂತೆ ಇಳಿಸಬಹುದು. ಒಕ್ಕೂಟ ಸೇರಿದ ಮೇಲೆ ಈ ದಾರಿಗಳು ಮುಚ್ಚುತ್ತವೆ.

ಗ್ರೀಸ್ ಇದನ್ನು ಅನುಭವಿಸಿತು. ಸಾಲದ ಭಾರದಿಂದ 2010ರಲ್ಲಿ ಅದು ನೆರವು ಕೇಳಬೇಕಾಯಿತು. ನೆರವಿನ ಜೊತೆಗೆ ಬಂದ ಕರಾರುಗಳಿಂದ ಸಂಬಳ, ಪಿಂಚಣಿಗಳು ಕಡಿತಗೊಂಡವು. 2013ರಲ್ಲಿ ನಿರುದ್ಯೋಗ ಶೇ. 27ನ್ನು ಮೀರಿತು. 2015ರಲ್ಲಿ ಜನ ತಮ್ಮ ಖಾತೆಯಿಂದಲೇ ದಿನಕ್ಕೆ 60 ಯುರೋಗಿಂತ ಹೆಚ್ಚು ತೆಗೆಯಲಾಗದ ಸ್ಥಿತಿ ಬಂತು.

ಹಾಗಾದರೆ ಒಕ್ಕೂಟ ಯಾವಾಗ ಸರಿಯಾಗಿ ನಡೆಯುತ್ತದೆ? ಈ ಪ್ರಶ್ನೆಯನ್ನು 1961ರಲ್ಲಿ ಎತ್ತಿದವರು ರಾಬರ್ಟ್ ಮಂಡೆಲ್. ಅವರಿಗೆ 1999ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಮತ್ತು ಅವರ ನಂತರದ ವಿದ್ವಾಂಸರು ಹೇಳಿದ್ದರ ಸಾರ ಎರಡು ಮಾತುಗಳಲ್ಲಿದೆ. ಕಷ್ಟದಲ್ಲಿರುವ ಪ್ರದೇಶದ ಜನ ಕೆಲಸವಿರುವ ಕಡೆಗೆ ಹೋಗಲು ಸಾಧ್ಯವಿರಬೇಕು. ಇಲ್ಲವೇ ಹಣ ಸಮೃದ್ಧ ಪ್ರದೇಶದಿಂದ ಕಷ್ಟದಲ್ಲಿರುವ ಪ್ರದೇಶಕ್ಕೆ ಬರಬೇಕು.

ಭಾರತದಲ್ಲಿ ಹಣ ಹಂಚುವ ವ್ಯವಸ್ಥೆಗೆ ಸಂವಿಧಾನದ 280ನೆಯ ಅನುಚ್ಛೇದದ ಹಣಕಾಸು ಆಯೋಗವಿದೆ. ಹದಿನೈದನೆಯ ಆಯೋಗ ಕೇಂದ್ರದ ಹಂಚಿಕೆಯಾಗುವ ತೆರಿಗೆಗಳಲ್ಲಿ ಶೇ. 41ನ್ನು ರಾಜ್ಯಗಳಿಗೆ ಕೊಡಲು ಶಿಫಾರಸು ಮಾಡಿತು. ಯುರೋಪ್ ಒಕ್ಕೂಟದ ಸಾಮಾನ್ಯ ಬಜೆಟ್ಟಾದರೋ ಅದರ ಒಟ್ಟು ಆದಾಯದ ಶೇ. 1ರ ಆಸುಪಾಸಿನಲ್ಲಿದೆ. ಈ ದೃಷ್ಟಿಯಿಂದ ನಮ್ಮ ಒಕ್ಕೂಟ ಹೆಚ್ಚು ಗಟ್ಟಿಯಾದದ್ದು.

ಆದರೆ ಜನ ಕೆಲಸವಿರುವ ಕಡೆಗೆ ಹೋಗುವುದು ಎಂಬ ಮೊದಲ ಮಾತನ್ನು ನಾವು ಗಡಿಯ ಶಾಲೆಗಳವರು ಬೇರೆ ರೀತಿಯಲ್ಲಿ ಓದುತ್ತೇವೆ. ಮಳೆ ಕೈಕೊಟ್ಟ ವರ್ಷ ಅಕ್ಕಲಕೋಟೆ ಅಥವಾ ದಕ್ಷಿಣ ಸೊಲ್ಲಾಪುರ ತಾಲೂಕಿನ ಕುಟುಂಬ ಪುಣೆಗೋ ಮುಂಬಯಿಗೋ ಹೋಗುತ್ತದೆ. ನಾಣ್ಯ ಒಂದೇ ಆದ್ದರಿಂದ ಅಲ್ಲಿ ದುಡಿದ ರೂಪಾಯಿ ಊರಿಗೆ ವಟ್ಟವಿಲ್ಲದೆ ಬರುತ್ತದೆ. ಆದರೆ ಮೂರನೆಯ ತರಗತಿಯಲ್ಲಿ ಕನ್ನಡದಲ್ಲಿ ಓದುತ್ತಿದ್ದ ಮಗು ಹೋದ ಊರಿನಲ್ಲಿ ಕನ್ನಡ ಶಾಲೆ ಸಿಗದೆ ಬೇರೆ ಮಾಧ್ಯಮಕ್ಕೆ ಸೇರುತ್ತದೆ, ಇಲ್ಲವೇ ಶಾಲೆಯನ್ನೇ ಬಿಡುತ್ತದೆ. ಅರ್ಥಶಾಸ್ತ್ರದ ಪುಸ್ತಕದಲ್ಲಿ ‘ಕಾರ್ಮಿಕರ ಚಲನಶೀಲತೆ’ ಎಂಬ ಒಂದು ಪದ. ನಮ್ಮ ಹಾಜರಿ ಪುಸ್ತಕದಲ್ಲಿ ಒಂದು ಖಾಲಿ ಸಾಲು. ರೂಪಾಯಿಗೆ ಇಡೀ ದೇಶದಲ್ಲಿ ಒಂದೇ ಬೆಲೆ ಇರುವಂತೆ, ಮಗು ತಾಯ್ನುಡಿಯಲ್ಲಿ ಕಲಿತದ್ದಕ್ಕೂ ಅದು ಹೋದಲ್ಲೆಲ್ಲ ಬೆಲೆ ಇರಬೇಕಲ್ಲವೇ? ಪಾಲಕರು ವಲಸೆ ಹೋಗುವ ಮೊದಲು ಮಗುವನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಡುವ, ವರ್ಗಾವಣೆ ಪತ್ರವನ್ನು ಸರಿಯಾಗಿ ಪಡೆಯುವ, ಶಿಕ್ಷಕರೊಂದಿಗೆ ಮಾತನಾಡುವ ವಿಚಾರವನ್ನು ದಯವಿಟ್ಟು ಮಾಡಬೇಕು.

ನೋಟಿನ ಮೇಲಿನ ನಾಲ್ಕನೆಯ ಸಾಲು

ಒಂದೇ ನಾಣ್ಯ ಬಂದರೆ ಎಲ್ಲರೂ ಒಂದೇ ಭಾಷೆಗೆ ಬರಬೇಕೆಂಬ ನಿಯಮವೇನೂ ಇಲ್ಲ. ಯುರೋ ನೋಟಿನ ಮೇಲೆ ಆ ಹೆಸರು ಲ್ಯಾಟಿನ್ ಲಿಪಿಯ ಜೊತೆಗೆ ಗ್ರೀಕ್ ಮತ್ತು ಸಿರಿಲಿಕ್ ಲಿಪಿಗಳಲ್ಲಿಯೂ ಇದೆ. ನಮ್ಮ ನೋಟಿನ ಹಿಂಬದಿಯ ಭಾಷಾ ಪಟ್ಟಿಯಲ್ಲಿ ಹದಿನೈದು ಭಾಷೆಗಳಿವೆ. ಕನ್ನಡ ನಾಲ್ಕನೆಯ ಸಾಲಿನಲ್ಲಿ, ಮರಾಠಿ ಎಂಟನೆಯ ಸಾಲಿನಲ್ಲಿ. ಈ ನೋಟು ಸೊಲ್ಲಾಪುರದಲ್ಲಿ ನಡೆಯುವಾಗ ಕನ್ನಡದ ಸಾಲನ್ನು ಯಾರೂ ಅಳಿಸುವುದಿಲ್ಲ, ಬೆಂಗಳೂರಿನಲ್ಲಿ ನಡೆಯುವಾಗ ಮರಾಠಿಯ ಸಾಲನ್ನೂ ಅಳಿಸುವುದಿಲ್ಲ.

1956ರ ರಾಜ್ಯ ಪುನರ್ವಿಂಗಡಣೆಯ ಕಾಲದಲ್ಲಿಯೇ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳುತ್ತದೆ. ಹಾಲಿ ಸಿಕ್ಕಾ ಹೋಗಿ ಒಂದೇ ರೂಪಾಯಿ ಬಂದ ಆ ದಶಕದಲ್ಲಿಯೇ ಈ ಭರವಸೆಯೂ ಬಂದದ್ದು. ಮೊದಲನೆಯದು ಪೂರ್ಣವಾಗಿ ಜಾರಿಯಾಯಿತು. ಎರಡನೆಯದನ್ನು ನಾವು ಇನ್ನೂ ಕೇಳುತ್ತಲೇ ಇರಬೇಕಾಗಿದೆ.

ಮಕ್ಕಳಿಗಾಗಿ ಪದಗಳು

ಕಾನೂನುಬದ್ಧ ನಾಣ್ಯ: ಸಾಲ ತೀರಿಸಲು ಕೊಟ್ಟಾಗ ಯಾರೂ ಬೇಡವೆನ್ನಲಾಗದ, ಕಾನೂನು ಒಪ್ಪಿದ ಹಣ.
ವಿನಿಮಯ ದರ: ಒಂದು ನಾಣ್ಯಕ್ಕೆ ಇನ್ನೊಂದು ನಾಣ್ಯದ ಲೆಕ್ಕದಲ್ಲಿ ಇರುವ ಬೆಲೆ. ಮರಾಠಿಯಲ್ಲಿಯೂ ಇದೇ ಪದ.
ಅಪಮೌಲ್ಯ: ಸರಕಾರ ತನ್ನ ನಾಣ್ಯದ ವಿನಿಮಯ ಬೆಲೆಯನ್ನು ತಾನೇ ಇಳಿಸುವುದು. ಮರಾಠಿಯಲ್ಲಿ ‘ಅವಮೂಲ್ಯನ’.
ಚಲಾವಣೆ: ಹಣ ಜನರ ಕೈಯಲ್ಲಿ ನಡೆಯುವುದು. ಮರಾಠಿಯಲ್ಲಿ ‘ಚಲನ’ ಎಂದರೆ ನಾಣ್ಯವ್ಯವಸ್ಥೆ, ಕರೆನ್ಸಿ.
ವಟ್ಟ: ನಾಣ್ಯ ಬದಲಿಸಿ ಕೊಡುವವನು ಹಿಡಿದುಕೊಳ್ಳುವ ಪಾಲು.

ಮನೆಯಲ್ಲಿ ಮಾಡಬಹುದಾದ ಕೆಲಸ: 84 ಹಾಲಿ ರೂಪಾಯಿಗೆ ಎಷ್ಟು ಕಲದಾರ, 84 ಕಲದಾರಕ್ಕೆ ಎಷ್ಟು ಹಾಲಿ ಎಂದು ಲೆಕ್ಕ ಹಾಕಿರಿ. ಉತ್ತರ 72 ಮತ್ತು 98 ಬರಬೇಕು. ಮನೆಯ ಹಿರಿಯರನ್ನು ಹಾಲಿ, ಕಲದಾರ ಎಂಬ ಮಾತುಗಳನ್ನು ಕೇಳಿದ್ದೀರಾ ಎಂದು ವಿಚಾರಿಸಿರಿ. ಹಳೆಯ ಪೆಟ್ಟಿಗೆಯಲ್ಲಿ ಚಾರಮಿನಾರದ ನಾಣ್ಯ ಸಿಕ್ಕರೆ ಅದನ್ನು ಗುಜರಿಗೆ ಕೊಡದೆ ಒಂದು ದಿನ ಶಾಲೆಗೆ ತಂದು ತೋರಿಸಿರಿ.